ಪಕ್ಕದ ಮನೆಗೆ ಕೇಳಿಸದ ಗಿಟಾರು

ಎಲೆಕ್ಟ್ರಿಕ್ ಗಿಟಾರು ಹುಟ್ಟಿದ್ದೇ ಸದ್ದು ಮಾಡೋದಕ್ಕೆ. ಹೀಗಂದ್ರೆ ಗಿಟಾರು ಕಂಡರಾಗದ ಯಾರೋ ಮುದುಕರ ಮಾತಿನ ಹಾಗೆ ಕೇಳಿಸಬಹುದು. ಆದ್ರೆ ಚರಿತ್ರೆ ಹೇಳೋದೂ ಇದನ್ನೇ. 1920ರ ದಶಕದ ಅಮೆರಿಕದಲ್ಲಿ ಕುಣಿತದ ಹಾಲ್‌ಗಳು ದೊಡ್ಡದಾಗ್ತಾ ಹೋದವು, ಬ್ಯಾಂಡುಗಳೂ ದೊಡ್ಡದಾದವು. ನಾಲ್ಕೈದು ಸ್ಯಾಕ್ಸಫೋನು, ಮೂರ್ನಾಲ್ಕು ಟ್ರಂಪೆಟ್ಟು, ಒಂದು ಡ್ರಮ್ಮು. ಇವುಗಳ ಮಧ್ಯೆ ಗಿಟಾರಿನವನು ಎಷ್ಟೇ ಜೋರಾಗಿ ಮೀಟಿದ್ರೂ ಪಕ್ಕದಲ್ಲಿ ಕೂತವನಿಗೇ ಕೇಳಿಸ್ತಿರಲಿಲ್ಲ. ಬೋಗುಣಿಯಂಥ ಲೋಹದ ತಟ್ಟೆಗಳನ್ನು ಹೊಟ್ಟೆಯೊಳಗೆ ಕೂರಿಸಿದ ಗಿಟಾರುಗಳು ಬಂದವು, ಅದೂ ಸಾಲಲಿಲ್ಲ. ಕೊನೆಗೆ 1931ರಲ್ಲಿ ಲಾಸ್ ಏಂಜಲೀಸಿನ ಜಾರ್ಜ್ ಬೋಷಾಂ ಅನ್ನೋ ಸಂಗೀತಗಾರ, ತಂತಿಯ ಬಳಿ ಆಯಸ್ಕಾಂತ ಮತ್ತು ತಾಮ್ರದ ಸುರುಳಿ ಇಟ್ಟು, ತಂತಿಯ ಕಂಪನವನ್ನೇ ವಿದ್ಯುತ್ತನ್ನಾಗಿ ಮಾಡೋ ಉಪಾಯ ಕಂಡುಹಿಡಿದ. ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ ಅದನ್ನು ಮಾರಾಟಕ್ಕೂ ಇಟ್ಟ. ಅಲ್ಯುಮಿನಿಯಂನಲ್ಲಿ ಎರಕ ಹೊಯ್ದ, ತೊಡೆಯ ಮೇಲೆ ಮಲಗಿಸಿ ನುಡಿಸೋ ಹವಾಯಿಯನ್ ಗಿಟಾರು ಅದು. ನೋಡೋಕೆ ಥೇಟ್ ಬಾಣಲೆ ಥರ ಇತ್ತು, ಜನ ಕರೆದಿದ್ದೂ 'ಫ್ರೈಯಿಂಗ್ ಪ್ಯಾನ್' ಅಂತಲೇ.

ಈಗ ತಮಾಷೆ ನೋಡಿ. ಯಾವ ವಾದ್ಯವನ್ನು ಹೆಚ್ಚು ಕೇಳಿಸಲಿ ಅಂತ ಮಾಡಿದ್ರೋ, ಅದೇ ಈವತ್ತು ರಾತ್ರಿ ಹನ್ನೆರಡಕ್ಕೆ ಒಂದು ರೂಮಿನ ಬಾಡಿಗೆ ಮನೆಯಲ್ಲಿ ಯಾರಿಗೂ ತೊಂದರೆ ಕೊಡದೆ ಕಲಿಯಬಹುದಾದ ವಾದ್ಯ. ಮೃದಂಗದವರಿಗೆ ಈ ಭಾಗ್ಯ ಇಲ್ಲ. ಪಿಟೀಲು, ಕೊಳಲು, ನಾಗಸ್ವರದವರಿಗಂತೂ ಕೇಳಲೇಬೇಡಿ. ಇದು ಹೇಗಾಯ್ತು ಅಂತ ಬಹಳ ದಿನದಿಂದ ಓದ್ತಾ ಇದ್ದೆ, ಸಿಕ್ಕಿದ್ದನ್ನೆಲ್ಲ ಒಂದು ಕಡೆ ಬರೆದಿಡೋಣ ಅನ್ನಿಸ್ತು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಪಕ್ಕದಲ್ಲಿಟ್ಟುಕೊಂಡು ಓದಿ.

ಬೋಷಾಂನ ಪಿಕಪ್ಪು ಬಂದ ಮೇಲೆ ಹೊಸದೊಂದು ತಲೆನೋವು ಶುರುವಾಯ್ತು. ಮಾಮೂಲಿ ಪೊಳ್ಳು ಗಿಟಾರಿಗೆ ಪಿಕಪ್ ಹಾಕಿ ಸ್ಪೀಕರಿನ ಸದ್ದು ಏರಿಸಿದ್ರೆ, ಆ ಸದ್ದಿಗೆ ಗಿಟಾರಿನ ಹೊಟ್ಟೆಯೇ ನಡುಗಿ, ಅದು ಮತ್ತೆ ಪಿಕಪ್ಪಿಗೆ ಹೋಗಿ, ಮದುವೆ ಮನೆ ಮೈಕಿನ ಥರ 'ಕುಂಯ್' ಅನ್ನೋದು. ಲೆಸ್ ಪಾಲ್ ಅನ್ನೋ ಗಿಟಾರ್ ವಾದಕ 1940ರ ಹೊತ್ತಿಗೆ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ, ಕೆಲಸಗಾರರಿಗೆಲ್ಲ ರಜೆ ಇರೋ ಭಾನುವಾರಗಳಲ್ಲಿ ಕೂತು ಇದಕ್ಕೊಂದು ಪರಿಹಾರ ಮಾಡಿದ. ನಾಲ್ಕಿಂಚು ದಪ್ಪದ ಒಂದು ಮರದ ತೊಲೆ, ಅದರ ಮೇಲೆ ತಂತಿ, ಪಿಕಪ್ಪು. ಅಷ್ಟೇ. ಹೊಟ್ಟೆಯೇ ಇಲ್ಲದ ಮೇಲೆ ನಡುಗೋದೇನು? ಅದನ್ನು 'ದ ಲಾಗ್', ಅಂದ್ರೆ ದಿಮ್ಮಿ ಅಂತಲೇ ಕರೆದ. ಬರೀ ತೊಲೆ ಹಿಡಿದು ನುಡಿಸಿದಾಗ ಜನ ಮೂಸಿಯೂ ನೋಡಲಿಲ್ಲವಂತೆ, ಆಮೇಲೆ ಒಂದು ಗಿಟಾರನ್ನು ಸೀಳಿ ಅದರ ಎರಡು ಪಕ್ಕಗಳನ್ನು ರೆಕ್ಕೆಯ ಹಾಗೆ ಅಂಟಿಸಿಕೊಂಡು ಹೋದ್ರೆ ಚಪ್ಪಾಳೆಯೋ ಚಪ್ಪಾಳೆ. ಇದು ಅವನೇ ಹೇಳಿಕೊಳ್ತಿದ್ದ ಕಥೆ. ಕಣ್ಣಿಂದ ಕೇಳೋ ಜನ ಎಲ್ಲಾ ಕಡೆ ಇದ್ದಾರೆ ಅಂತಾಯ್ತು :-)

1950ರಲ್ಲಿ ಲಿಯೋ ಫೆಂಡರ್ ಇದೇ ದಿಮ್ಮಿ ತತ್ವದ ಗಿಟಾರನ್ನು ಕಾರ್ಖಾನೆಯಲ್ಲಿ ಸಾಲುಸಾಲಾಗಿ ಮಾಡೋಕೆ ಶುರುಮಾಡಿದ. ಮುಂದೆ ಅದು ಟೆಲಿಕಾಸ್ಟರ್ ಅಂತ ಹೆಸರಾಯ್ತು. 1952ರಲ್ಲಿ ಗಿಬ್ಸನ್ ಕಂಪನಿ ಲೆಸ್ ಪಾಲ್ ಹೆಸರಿನದೇ ಗಿಟಾರು ತಂತು. ಇವರೆಲ್ಲರ ಗುರಿ ಒಂದೇ, ಇನ್ನೂ ಜೋರಾಗಿ ನುಡಿಸೋದು. ಆದ್ರೆ ಯಾರೂ ಬೇಡದೇ ಇದ್ದ ಒಂದು ವರವೂ ಜೊತೆಗೆ ಬಂತು. ಗಟ್ಟಿ ಮರದ ಗಿಟಾರನ್ನು ಯಾವುದಕ್ಕೂ ಸಿಕ್ಕಿಸದೆ ನುಡಿಸಿದ್ರೆ ಪಕ್ಕದ ರೂಮಿಗೂ ಕೇಳಿಸಲ್ಲ. ಜೋರಾಗೋ ಆಸೆಯಲ್ಲಿ ಅವರು ಕೈಗೆ ಕೊಟ್ಟಿದ್ದು ಒಂದು ಮೂಕ ವಾದ್ಯ. ಅದರ ದನಿಯೆಲ್ಲ ವೈರಿನಲ್ಲಿ ಹೋಗುತ್ತೆ. ವೈರಿನ ಇನ್ನೊಂದು ತುದಿಯನ್ನು ಎಲ್ಲಿಗೆ ಬೇಕಾದ್ರೂ ಕೊಡಬಹುದು.

ಆದ್ರೆ ಮುಂದಿನ ಇಪ್ಪತ್ತು ವರ್ಷ ಆ ಇನ್ನೊಂದು ತುದಿ ಹೋಗಿದ್ದು ದೊಡ್ಡ, ಇನ್ನೂ ದೊಡ್ಡ ಆಂಪ್ಲಿಫೈಯರುಗಳಿಗೇ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ಆಂಪ್ ಮಾಡೋಕೆ ಕೈಹಾಕಿದ. 'ದ ಹೂ' ತಂಡದ ಪೀಟ್ ಟೌನ್‌ಶೆಂಡ್ 1965ರಲ್ಲಿ ಬಂದು, ನಂಗೆ 100 ವ್ಯಾಟಿನದು ಬೇಕು, ಎಂಟು ಸ್ಪೀಕರು ಒಂದೇ ಪೆಟ್ಟಿಗೆಯಲ್ಲಿ ಬೇಕು ಅಂದ. ಮಾಡಿಕೊಟ್ರು. ಹೊರೋ ಹುಡುಗರಿಗೆ ಬೆನ್ನು ಮುರಿದುಹೋಯ್ತು. ಆಮೇಲೆ ಅದನ್ನು ಎರಡು ತುಂಡು ಮಾಡಿ ಒಂದರ ಮೇಲೊಂದು ಇಟ್ರು. ರಾಕ್ ಪೋಸ್ಟರುಗಳಲ್ಲೆಲ್ಲ ಕಾಣೋ ಆ 'ಮಾರ್ಷಲ್ ಸ್ಟ್ಯಾಕ್' ಹುಟ್ಟಿದ್ದು ಹೀಗೆ, ಕೂಲಿಯವರ ಬೆನ್ನಿನ ದೆಸೆಯಿಂದ. ಇದೇ 'ದ ಹೂ' 1976ರ ಮೇ 31ರಂದು ಲಂಡನ್ನಿನ ಚಾರ್ಲ್‌ಟನ್ ಮೈದಾನದಲ್ಲಿ ನುಡಿಸಿದಾಗ ಸ್ಪೀಕರುಗಳಿಂದ 32 ಮೀಟರ್ ದೂರದಲ್ಲಿ 126 ಡೆಸಿಬಲ್ ಅಳೆದು ಗಿನ್ನೆಸ್ ಪುಸ್ತಕಕ್ಕೆ ಹಾಕಿದ್ರು. ನಮ್ಮಲ್ಲಿ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಾಸದ ಬಡಾವಣೆಗಳಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಇರಬೇಕಾದ ಮಿತಿ 45 ಡೆಸಿಬಲ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. (ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾಗಳಿಗೆ ಆ 45 ನೆನಪಿರುತ್ತಾ ಅನ್ನೋದು ಬೇರೆ ಪ್ರಶ್ನೆ.)

ಡೆಸಿಬಲ್ಲಿನ ಲೆಕ್ಕ ಸ್ವಲ್ಪ ವಿಚಿತ್ರ, ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಹೊಸಬರು ದುಡ್ಡು ಕಳೆದುಕೊಳ್ಳೋದು ಇಲ್ಲೇ. 100 ವ್ಯಾಟಿನ ಆಂಪಿಗಿಂತ 10 ವ್ಯಾಟಿನದು ಹತ್ತನೇ ಒಂದು ಪಾಲು ಸದ್ದು ಮಾಡುತ್ತೆ ಅಂದುಕೊಳ್ತೀವಿ. ಇಲ್ಲ. ಕಿವಿಗೆ ಅದು ಸುಮಾರು ಅರ್ಧದಷ್ಟು ಅನ್ನಿಸುತ್ತೆ ಅಷ್ಟೇ. ಗಿಟಾರಿನ ಸ್ಪೀಕರಿಗೆ ಬರೀ ಒಂದು ವ್ಯಾಟ್ ಕೊಟ್ರೂ ಒಂದು ಮೀಟರ್ ದೂರದಲ್ಲಿ 95 ಡೆಸಿಬಲ್‌ಗಿಂತ ಮೇಲೆ ಹೋಗೋದು ಮಾಮೂಲು. ಆದ್ದರಿಂದ 'ಮನೆಗೆ ಸಾಕು ಸಾರ್, ಚಿಕ್ಕದು, ಐದೇ ವ್ಯಾಟು' ಅಂತ ಅಂಗಡಿಯವನು ಕೊಡೋ ವಾಲ್ವ್ ಆಂಪನ್ನು ಅದರ ರುಚಿಯ ಮಟ್ಟಕ್ಕೆ ಏರಿಸಿದ್ರೆ ಇಡೀ ಅಪಾರ್ಟ್‌ಮೆಂಟು ಎದ್ದು ಕೂರುತ್ತೆ.

ರುಚಿ ಅಂದೆ. ಸಮಸ್ಯೆಯ ಗಂಟು ಇರೋದೇ ಅಲ್ಲಿ. ಬರೀ ಸದ್ದು ಜಾಸ್ತಿ ಅನ್ನೋದಾಗಿದ್ರೆ ಗುಂಡಿ ತಿರುಗಿಸಿ ಕಮ್ಮಿ ಮಾಡಿಕೊಂಡು ಮಲಗಬಹುದಿತ್ತು. ಆದ್ರೆ ವಾಲ್ವ್ ಆಂಪುಗಳನ್ನು ಅವುಗಳ ಶಕ್ತಿ ಮೀರಿ ದುಡಿಸಿದಾಗ ಸ್ವರ ಒಡೆದು, ದಪ್ಪವಾಗಿ, ಎಳೆದಷ್ಟೂ ನಿಲ್ಲುತ್ತೆ. ರಾಕ್ ಸಂಗೀತದ ಜೀವವೇ ಆ ಒಡಕು ದನಿ. ಆಂಪನ್ನು ಕಮ್ಮಿ ಇಟ್ರೆ ಆ ದನಿ ಬರಲ್ಲ. ಒಗ್ಗರಣೆ ಸಿಡಿಯಬಾರದು, ಆದ್ರೆ ಘಮ ಮಾತ್ರ ಬೇಕು ಅಂದ ಹಾಗೆ.

ಅಂದ ಹಾಗೆ, ರಾತ್ರಿ ಕದ್ದು ಅಭ್ಯಾಸ ಮಾಡೋ ಚಟ ಗಿಟಾರಿನವರದ್ದೇ ಏನಲ್ಲ. ಯೂರೋಪಿನಲ್ಲಿ ಮಧ್ಯಯುಗದ ಕೊನೆಯ ಹೊತ್ತಿಗೆ ಕ್ಲಾವಿಕಾರ್ಡ್ ಅನ್ನೋ ಕೀಲಿಮಣೆ ವಾದ್ಯ ಬಂತು. ಒಂದು ಸಣ್ಣ ಹಿತ್ತಾಳೆ ಚೂರು ತಂತಿಯನ್ನು ತಾಗಿ ಸ್ವರ ಹುಟ್ಟಿಸುತ್ತೆ, ಎಷ್ಟು ಮೆಲ್ಲಗೆ ಅಂದ್ರೆ ಅದೇ ರೂಮಿನಲ್ಲಿ ಇಬ್ಬರು ಮಾತಾಡಿದ್ರೆ ಮುಚ್ಚಿಹೋಗುತ್ತೆ. ಚರ್ಚಿನ ಆರ್ಗನ್ ನುಡಿಸೋರು ಮನೆಯಲ್ಲಿ ಇದನ್ನೇ, ಕಾಲಿಗೂ ಕೀಲಿ ಇರೋ ಥರದ್ದನ್ನು, ಅಭ್ಯಾಸಕ್ಕೆ ಇಟ್ಟುಕೊಳ್ತಿದ್ರು. ಜಾನ್ ಮೈನ್‌ವೇರಿಂಗ್ 1760ರಲ್ಲಿ ಬರೆದ ಹ್ಯಾಂಡಲ್‌ನ ಜೀವನಚರಿತ್ರೆಯಲ್ಲಿ ಒಂದು ಕಥೆ ಬರುತ್ತೆ. ಮಗ ವಕೀಲನಾಗಲಿ ಅನ್ನೋದು ಅಪ್ಪನ ಹಟ, ಮನೆಯಲ್ಲಿ ಸಂಗೀತ ನಿಷಿದ್ಧ. ಹುಡುಗ ಹೇಗೋ ಒಂದು ಪುಟ್ಟ ಕ್ಲಾವಿಕಾರ್ಡನ್ನು ಅಟ್ಟಕ್ಕೆ ಸಾಗಿಸಿ, ಎಲ್ಲರೂ ಮಲಗಿದ ಮೇಲೆ ಹತ್ತಿಹೋಗಿ ನುಡಿಸ್ತಿದ್ದನಂತೆ. ನಿಜವೋ ಕಟ್ಟುಕಥೆಯೋ, ಅದರಲ್ಲಿ ಇಂಜಿನಿಯರಿಂಗ್ ಓದು ಅಂದ ಅಪ್ಪಂದಿರ ಮಕ್ಕಳಿಗೆಲ್ಲ ತಮ್ಮ ಮುಖ ಕಾಣುತ್ತೆ.

ನಮ್ಮ ಕಡೆ ಇದು ತಿರುಗುಮುರುಗು. ಬೆಳಗಿನ ಜಾವ ನಾಲ್ಕಕ್ಕೆದ್ದು ಸಾಧನೆ ಮಾಡೋದು ಗೌರವದ ವಿಷಯ, ಪಕ್ಕದ ಮನೆಯವರಿಗೆ ಕೇಳಿಸಿದ್ರೆ 'ಎಷ್ಟು ಶ್ರದ್ಧೆ ಹುಡುಗಂಗೆ' ಅಂತಾರೆ. ಅದೇ ಹುಡುಗ ರಾತ್ರಿ ಹನ್ನೊಂದಕ್ಕೆ ಎಲೆಕ್ಟ್ರಿಕ್ ಗಿಟಾರಲ್ಲಿ ಅದೇ ಮಾಯಾಮಾಳವಗೌಳ ನುಡಿಸಿದ್ರೂ ಮನೆ ಓನರಿಗೆ ಫೋನು ಹೋಗುತ್ತೆ. ಸದ್ದಿನ ಪ್ರಮಾಣವನ್ನು ಡೆಸಿಬಲ್ಲು ಮಾತ್ರ ಅಳೆಯೋದಿಲ್ಲ ಅನ್ನೋದು ನನ್ನ ಅನುಮಾನ.

ಸರಿ, ಒಡಕು ದನಿಗೆ ಬರೋಣ. ಆಂಪನ್ನು ಏರಿಸದೆ ಆ ದನಿ ತೆಗೆಯೋ ಪ್ರಯತ್ನಗಳು ಮೊದಮೊದಲು ಕ್ರೂರವಾಗಿದ್ವು. ಲಂಡನ್ನಿನ 'ದ ಕಿಂಕ್ಸ್' ತಂಡದ ಡೇವ್ ಡೇವಿಸ್, ಇನ್ನೂ ಹದಿಹರೆಯದವನು, ತನ್ನ ಪುಟಾಣಿ ಆಂಪಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಗೀರಿಬಿಟ್ಟ. ಅದರಿಂದ ಬಂದ ಹರಕು ದನಿಯೇ 1964ರ ಅವರ ದೊಡ್ಡ ಹಿಟ್ ಹಾಡಿನಲ್ಲಿ ಇರೋದು. ಇನ್ನೊಂದು ದಾರಿ ಅದಕ್ಕೂ ಮುಂಚೆ, 1962ರಲ್ಲಿ ಬಂದಿತ್ತು. ಮೇಸ್ಟ್ರೋ ಎಫ್‌ಜೆಡ್-1 ಅನ್ನೋ 'ಫಜ್' ಪೆಡಲ್ಲು. ಕಾಲಲ್ಲಿ ಒತ್ತೋ ಒಂದು ಪೆಟ್ಟಿಗೆ, ಒಳಗೆ ಮೂರು ಟ್ರಾನ್ಸಿಸ್ಟರ್. ಗಿಟಾರಿನ ಸಣ್ಣ ಸಂಕೇತವನ್ನು ಅಲ್ಲೇ ಹಿಗ್ಗಿಸಿ, ತಲೆ ಕತ್ತರಿಸಿ ಮುಂದಕ್ಕೆ ಕಳಿಸುತ್ತೆ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ಅದನ್ನು 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಬಳಸಿದ ಮೇಲೆ ಅಂಗಡಿಗಳಲ್ಲಿ ದಾಸ್ತಾನು ಖಾಲಿ. ಎಲ್ಲರೂ ಇದನ್ನು ಹೊಸ ದನಿಯ ಕಥೆಯಾಗಿ ಹೇಳ್ತಾರೆ. ನನಗೆ ಇದರಲ್ಲಿ ಕಾಣೋದು ಬೇರೆ. ಒಡಕಿಗೂ ಗದ್ದಲಕ್ಕೂ ಇದ್ದ ಗಂಟು ಬಿಚ್ಚಿದ್ದು ಇಲ್ಲೇ. ಇನ್ನು ಮೇಲೆ ಪಿಸುಮಾತಿನ ಸದ್ದಿನಲ್ಲೂ ಗಿಟಾರು ಅಬ್ಬರಿಸಬಹುದು.

1973ರಲ್ಲಿ 'ಪಿಗ್‌ನೋಸ್' ಬಂತು. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ, ಆರು ಪೆನ್‌ಟಾರ್ಚ್ ಸೆಲ್ಲು, ಐದಿಂಚಿನ ಸ್ಪೀಕರು, ಇರೋದೊಂದೇ ಗುಂಡಿ, ಅದೂ ಹಂದಿ ಮೂತಿಯ ಆಕಾರದ್ದು. ಇದನ್ನು ರೂಪಿಸಿದವರಲ್ಲೊಬ್ಬನಾದ ರಿಚರ್ಡ್ ಎಡ್ಲಂಡ್ ಮುಂದೆ 'ಸ್ಟಾರ್ ವಾರ್ಸ್' ಸಿನಿಮಾದ ದೃಶ್ಯಚಮತ್ಕಾರಗಳಿಗೆ ಆಸ್ಕರ್ ಗೆದ್ದ. ಹಂದಿ ಮೂತಿಯಿಂದ ಅಂತರಿಕ್ಷಕ್ಕೆ!

ಇನ್ನು ಹೆಡ್‌ಫೋನು. ಇದರ ಚರಿತ್ರೆ ಗಿಟಾರಿನದ್ದಕ್ಕಿಂತ ಹಳೆಯದು, ಮತ್ತು ಬಡವರ ಅಡುಗೆಮನೆಯಿಂದ ಶುರುವಾಗಿದ್ದು. ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ ತನ್ನ ಅಡುಗೆಮನೆಯ ಮೇಜಿನ ಮೇಲೆ ಕೂತು ಎರಡೂ ಕಿವಿಗೆ ಹಾಕೋ ಹೆಡ್‌ಫೋನುಗಳನ್ನು ಜೋಡಿಸ್ತಿದ್ದ. 1910ರಲ್ಲಿ ಅಮೆರಿಕದ ನೌಕಾದಳಕ್ಕೆ ಮಾದರಿ ಕಳಿಸಿದ. ಅವರು ಪರೀಕ್ಷೆ ಮಾಡಿ ನೋಡಿ ದಂಗಾಗಿ ಆರ್ಡರ್ ಕೊಟ್ರು. ಅಲ್ಲಿಂದ ಐವತ್ತು ವರ್ಷ ಹೆಡ್‌ಫೋನು ಅಂದ್ರೆ ಹಡಗಿನ ರೇಡಿಯೋ, ಟೆಲಿಫೋನ್ ಎಕ್ಸ್‌ಚೇಂಜು, ವಿಮಾನ, ಇಷ್ಟೇ. ಮಾತು ಕೇಳೋ ಸಾಧನ. ಸಂಗೀತ ಕೇಳೋದಕ್ಕೆ ಅಂತಲೇ ಸ್ಟೀರಿಯೋ ಹೆಡ್‌ಫೋನು ತಂದಿದ್ದು ಮಿಲ್‌ವಾಕಿಯ ಜಾನ್ ಕಾಸ್, 1958ರಲ್ಲಿ. ಅವನು ಮಾರಬೇಕು ಅಂತಿದ್ದಿದ್ದು ಹೊತ್ತೊಯ್ಯೋ ಗ್ರಾಮಫೋನು. ಅದರ ಜೊತೆಗಿಟ್ಟ ಹೆಡ್‌ಫೋನನ್ನೇ ಜನ ಕೇಳಿಕೊಂಡು ಬಂದ್ರು.

ಒಂದು ಸಣ್ಣ ಸಂಗತಿ ನನಗೆ ತುಂಬಾ ಇಷ್ಟ. ಗಿಟಾರಿನ ವೈರಿನ ತುದಿಯಲ್ಲಿರೋ ಕಾಲಿಂಚಿನ ಜಾಕು ಇದೆಯಲ್ಲ, ಅದು 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನದ್ದು. 'ಹಲೋ, ಯಾವ ನಂಬರ್?' ಅಂತ ಕೇಳಿ ಹುಡುಗಿಯರು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸ್ತಿದ್ರಲ್ಲ, ಅದೇ. ದೊಡ್ಡ ಹೆಡ್‌ಫೋನುಗಳ ತುದಿಯಲ್ಲಿರೋದೂ ಅದರ ತಮ್ಮನೇ. ಅಂದ್ರೆ ಗಿಟಾರೂ ಹೆಡ್‌ಫೋನೂ ಒಂದೇ ಮನೆತನದವು. ಒಂದೇ ತೂತಿಗೆ ಇಬ್ಬರೂ ಹೊಂದುತ್ತಾರೆ. ಆದ್ರೂ ನೇರವಾಗಿ ಸಂಬಂಧ ಕುದುರಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

1979ರ ಜುಲೈ 1ಕ್ಕೆ ಸೋನಿ ವಾಕ್‌ಮನ್ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಹಗುರಾದ ಹೆಡ್‌ಫೋನು, ಜೇಬಲ್ಲಿ ಕ್ಯಾಸೆಟ್ಟು. ಮಂಗಳೂರು ಕಡೆಯವರಿಗೆ ನೆನಪಿರಬಹುದು, ಎಂಬತ್ತರ ದಶಕದಲ್ಲಿ ಗಲ್ಫಿನಿಂದ ಬಂದ ಮಾವಂದಿರ ಸೂಟ್‌ಕೇಸಿನಲ್ಲಿ ಇದಕ್ಕೊಂದು ಜಾಗ ಇದ್ದೇ ಇರ್ತಿತ್ತು. ಜೊತೆಯಲ್ಲಿ ಕೂತು ಕೇಳೋ ಸಂಗೀತವನ್ನು ಒಬ್ಬೊಬ್ಬರೇ ಕೇಳೋ ಅಭ್ಯಾಸ ಜಗತ್ತಿಗೆಲ್ಲ ಹಿಡಿದಿದ್ದು ಆಗ. ಕೇಳೋದು ಸರಿ, ನುಡಿಸೋದೂ ಯಾಕಾಗಬಾರದು ಅಂತ ಒಬ್ಬ ಮನುಷ್ಯ ಯೋಚಿಸಿದ.

ಅವನ ಹೆಸರು ಟಾಮ್ ಶೋಲ್ಜ್. ಈ ಇಡೀ ಚರಿತ್ರೆಯಲ್ಲಿ ನನ್ನ ನಾಯಕ ಇವನೇ, ಅದಕ್ಕೆ ಸ್ವಲ್ಪ ಹೊತ್ತು ಇಲ್ಲೇ ನಿಲ್ತೀನಿ. ಎಂಐಟಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಪೋಲರಾಯ್ಡ್ ಕ್ಯಾಮೆರಾ ಕಂಪನಿಯಲ್ಲಿ ಕೆಲಸಕ್ಕಿದ್ದ. ಹಗಲು ಆಫೀಸು, ರಾತ್ರಿ ಬಾಸ್ಟನ್ ಪಕ್ಕದ ವಾಟರ್‌ಟೌನ್‌ನಲ್ಲಿ ನೆಲಮಾಳಿಗೆಯ ಸ್ಟುಡಿಯೋ. ವರ್ಷಗಟ್ಟಲೆ ಅಲ್ಲಿ ಕೂತು, ಬಹುಪಾಲು ವಾದ್ಯಗಳನ್ನು ಒಬ್ಬನೇ ನುಡಿಸಿ, ಪದರ ಪದರವಾಗಿ ರೆಕಾರ್ಡ್ ಮಾಡ್ತಿದ್ದ. ರೆಕಾರ್ಡ್ ಕಂಪನಿಯವರು ಒಪ್ಪಿಕೊಂಡಾಗ, ಲಾಸ್ ಏಂಜಲೀಸಿಗೆ ಬಂದು ದೊಡ್ಡ ಸ್ಟುಡಿಯೋದಲ್ಲಿ ಎಲ್ಲ ಹೊಸದಾಗಿ ಮಾಡಿ ಅಂದ್ರು. ಇವನು ಏನು ಮಾಡಿದ ಗೊತ್ತಾ? ತಂಡದ ಉಳಿದವರನ್ನು ಲಾಸ್ ಏಂಜಲೀಸಿಗೆ ಕಳಿಸಿ, ತಾನು ನೆಲಮಾಳಿಗೆಯಲ್ಲೇ ಕೂತು ಕೆಲಸ ಮುಗಿಸಿದ. 1976ರಲ್ಲಿ 'ಬಾಸ್ಟನ್' ಅನ್ನೋ ಹೆಸರಿನಲ್ಲಿ ಆ ಆಲ್ಬಂ ಬಂತು, ಅಮೆರಿಕವೊಂದರಲ್ಲೇ 1 ಕೋಟಿ 70 ಲಕ್ಷ ಪ್ರತಿ ಲೆಕ್ಕಕ್ಕೆ ಸಿಕ್ಕಿದೆ. ಆಫೀಸಿನಿಂದ ಬಂದು ರಾತ್ರಿ ನುಡಿಸೋ ಇಂಜಿನಿಯರುಗಳು ಬೆಂಗಳೂರಿನಲ್ಲಿ ಎಷ್ಟು ಜನ ಇದ್ದೀವಿ, ನಮಗೆಲ್ಲ ಈ ಪುಣ್ಯಾತ್ಮ ಕುಲದೇವರು.

ಬಂದ ದುಡ್ಡಿನಲ್ಲಿ ಸ್ವಂತ ಕಂಪನಿ ತೆಗೆದ. ಮೊದಲು ತಂದಿದ್ದು 'ಪವರ್ ಸೋಕ್', ಆಂಪಿಗೂ ಸ್ಪೀಕರಿಗೂ ಮಧ್ಯೆ ಕೂತು ಶಕ್ತಿಯನ್ನು ಕುಡಿದು ಬಿಸಿಯಾಗೋ ಪೆಟ್ಟಿಗೆ. ಆಂಪು ಪೂರ್ತಿ ಏರಿದ್ರೂ ಸ್ಪೀಕರಿಗೆ ಹೋಗೋದು ಸ್ವಲ್ಪವೇ. 1982ರಲ್ಲಿ ತಂದಿದ್ದು 'ರಾಕ್‌ಮನ್'. ಹೆಸರೇ ಹೇಳುತ್ತೆ ಯಾರನ್ನು ನೋಡಿ ಇಟ್ಟಿದ್ದು ಅಂತ. ಸೊಂಟಕ್ಕೆ ಸಿಕ್ಕಿಸಿಕೊಳ್ಳೋ ಡಬ್ಬಿ, ಒಂದು ಕಡೆ ಗಿಟಾರು, ಇನ್ನೊಂದು ಕಡೆ ಹೆಡ್‌ಫೋನು. ಎರಡು ಶುದ್ಧ ದನಿ, ಒಂದು ಅರೆ ಒಡಕು, ಒಂದು ಪೂರ್ತಿ ಒಡಕು. ಜೊತೆಗೆ ದೊಡ್ಡ ಹಾಲಿನಲ್ಲಿ ನಿಂತ ಹಾಗೆ ಪ್ರತಿಧ್ವನಿ. ಹಾಸಿಗೆ ಮೇಲೆ ಕೂತು ಮೈದಾನದಲ್ಲಿ ನುಡಿಸಬಹುದು.

ಇದರ ಹಿಂದಿನ ನಿಜವಾದ ಜಾಣತನ ಬೇರೆ. ಗಿಟಾರನ್ನು ಹೆಡ್‌ಫೋನಿಗೆ ನೇರವಾಗಿ ಕೊಟ್ರೆ ಯಾಕೆ ಕೆಟ್ಟದಾಗಿ ಕೇಳಿಸುತ್ತೆ ಅಂತ ಶೋಲ್ಜ್‌ಗೆ ಅರ್ಥವಾಗಿತ್ತು. ಹನ್ನೆರಡಿಂಚಿನ ಗಿಟಾರ್ ಸ್ಪೀಕರಿಗೆ ಸುಮಾರು 5,000 ಹರ್ಟ್ಜ್‌ನಿಂದ ಮೇಲಿನ ಸ್ವರಗಳು ಸರಿಯಾಗಿ ಬರೋದೇ ಇಲ್ಲ. ಅದೊಂದು ಊನ. ಆದ್ರೆ ಮೂವತ್ತು ವರ್ಷ ಅದನ್ನೇ ಕೇಳಿ ಕೇಳಿ ನಮ್ಮ ಕಿವಿಗೆ ಗಿಟಾರು ಅಂದ್ರೆ ಆ ಊನವೂ ಸೇರಿದ ದನಿಯೇ ಆಗಿಹೋಗಿತ್ತು. ಹೆಡ್‌ಫೋನಿಗೆ ಆ ಊನ ಇಲ್ಲ, ಎಲ್ಲವನ್ನೂ ಕೇಳಿಸಿಬಿಡುತ್ತೆ. ಒಡಕು ದನಿಯನ್ನು ಹಾಗೇ ಕೊಟ್ರೆ ಡಬ್ಬಿಯೊಳಗೆ ಜೇನ್ನೊಣ ಹೊಕ್ಕ ಹಾಗೆ. ಶೋಲ್ಜ್ ತನ್ನ ಡಬ್ಬಿಯೊಳಗೆ ಆ ಸ್ಪೀಕರಿನ ಊನವನ್ನೇ ಸರ್ಕ್ಯೂಟಿನಲ್ಲಿ ಕಟ್ಟಿಟ್ಟ.

ಇನ್ನೊಂದು ವಿಚಿತ್ರ ಕೇಳಿ. ಮಲಗೋ ಕೋಣೆಗೆ ಅಂತ ಮಾಡಿದ ಈ ಡಬ್ಬಿಯನ್ನು ದೊಡ್ಡ ದೊಡ್ಡ ಸ್ಟುಡಿಯೋದವರೂ ಬಳಸಿದ್ರು. ಡೆಫ್ ಲೆಪರ್ಡ್ ತಂಡದ 1987ರ 'ಹಿಸ್ಟೀರಿಯಾ' ಆಲ್ಬಂನ ಗಿಟಾರುಗಳ ದನಿ ಬಹುತೇಕ ರಾಕ್‌ಮನ್‌ನದ್ದು. ಕೋಟಿಗಟ್ಟಲೆ ಮಾರಾಟವಾದ ಆಲ್ಬಂ. ಅದನ್ನು ಕೇಳಿ ಮಾರ್ಷಲ್ ಆಂಪಿಗೆ ಆಸೆಪಟ್ಟ ಹುಡುಗರು ಎಷ್ಟಿದ್ರೋ! 1995ರಲ್ಲಿ ಶೋಲ್ಜ್ ರಾಕ್‌ಮನ್ ವ್ಯವಹಾರವನ್ನು ಡನ್‌ಲಪ್ ಕಂಪನಿಗೆ ಮಾರಿಬಿಟ್ಟ. ಗಿಟಾರ್ ಸಾಮಾನಿನ ಡನ್‌ಲಪ್, ನಮ್ಮ ಟೈರಿನವರಲ್ಲ.

ರಾಕ್‌ಮನ್ ನಮ್ಮಂಥವರ ಕೈಗೆ ಎಟುಕೋ ವಸ್ತು ಆಗಿರಲಿಲ್ಲ. ನಮ್ಮ ರಾಕ್‌ಮನ್ ಸಿಗೋದು ಎಸ್.ಪಿ. ರೋಡಿನಲ್ಲಿ. ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ 'ಎಲ್‌ಎಂ386 ಕೊಡಿ' ಅಂದ್ರೆ ಸಾಕು, ಯಾಕೆ ಏನು ಅಂತ ಕೇಳಲ್ಲ, ಎಂಟು ಕಾಲಿನ ಕರಿ ಜಿರಳೆಯಂಥ ಒಂದು ಚಿಪ್ಪನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡ್ತಾರೆ. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯವರು ಸಣ್ಣ ರೇಡಿಯೋ, ಇಂಟರ್‌ಕಾಮ್‌ಗಳಿಗೆ ಅಂತ ಮಾಡಿದ ಚಿಪ್ಪು ಇದು. ಒಂದು 9 ವೋಲ್ಟ್ ಬ್ಯಾಟರಿ ಸಾಕು. ಹಾಗೇ ಬಳಸಿದ್ರೆ ಸಂಕೇತವನ್ನು 20 ಪಟ್ಟು ಹೆಚ್ಚಿಸುತ್ತೆ, ಒಂದನೇ ಮತ್ತು ಎಂಟನೇ ಕಾಲಿನ ಮಧ್ಯೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ರೆ 200 ಪಟ್ಟು. ಆಗ ತಾನಾಗಿ ಒಡಕು ದನಿ ಬರುತ್ತೆ. ಜಗತ್ತಿನಾದ್ಯಂತ ಹುಡುಗರು ಇದನ್ನು ಸಿಗರೇಟ್ ಪ್ಯಾಕಿನಲ್ಲಿ, ಬಿಸ್ಕತ್ ಡಬ್ಬದಲ್ಲಿ ಕೂರಿಸಿ ಆಂಪ್ ಮಾಡಿದ್ದಾರೆ. ನನ್ನದು ಸೋಪಿನ ಡಬ್ಬಿಯಲ್ಲಿದೆ. ಸೋಪು ಡಬ್ಬಿಯ ತಳದಲ್ಲಿ ನೀರು ಸೋರೋಕೆ ತೂತು ಮೊದಲೇ ಇರುತ್ತಾದ್ದರಿಂದ ವೈರಿಗೆ ಡ್ರಿಲ್ ಮಾಡೋ ಕೆಲಸ ಉಳಿಯಿತು.

ಮಾಡೋರಿಗೆ ಮೂರು ಮಾತು. ಗಿಟಾರಿನ ಸಂಕೇತ ತುಂಬಾ ಸೂಕ್ಷ್ಮ, ಮುಂದೆ ಕೂತ ಸರ್ಕ್ಯೂಟು ಅದರಿಂದ ಹೆಚ್ಚು ಕರೆಂಟು ಎಳೆದ್ರೆ ಮೇಲಿನ ಸ್ವರಗಳೆಲ್ಲ ಸತ್ತು ಕಂಬಳಿ ಹೊದ್ದ ದನಿ ಬರುತ್ತೆ. ಆದ್ದರಿಂದ ಚಿಪ್ಪಿಗಿಂತ ಮುಂಚೆ ಒಂದು ಎಫ್‌ಇಟಿ ಟ್ರಾನ್ಸಿಸ್ಟರನ್ನು ಬಾಗಿಲು ಕಾಯೋಕೆ ಕೂರಿಸಿ, ಒಳಬರೋ ಕಡೆ ಸುಮಾರು ಒಂದು ಮೆಗಾಓಮ್ ತಡೆ ಇರಲಿ. ಕಂಪ್ಯೂಟರಿನ ಹಿಂದಿರೋ ಮಾಮೂಲಿ ತೂತಿಗೆ ಗಿಟಾರು ಸಿಕ್ಕಿಸಿದಾಗ ದನಿ ಮಂಕಾಗೋದೂ ಇದೇ ಕಾರಣಕ್ಕೆ. ಎರಡನೆಯದು, ಗಿಟಾರಿನದು ಒಂಟಿ ದನಿ, ಹೆಡ್‌ಫೋನಿಗೆ ಎರಡು ಕಿವಿ. ಎರಡೂ ಕಡೆಯ ವೈರನ್ನು ಒಟ್ಟಿಗೆ ಸೇರಿಸದಿದ್ರೆ ಎಡಗಿವಿಗೆ ಮಾತ್ರ ಕಛೇರಿ. ಮೂರನೆಯದು, ಈ ಚಿಪ್ಪು ಸ್ಪೀಕರನ್ನೇ ಓಡಿಸೋ ಶಕ್ತಿಯದ್ದು. ಕಿವಿಗೆ ಹಾಕೋ ಮುಂಚೆ ಹೆಡ್‌ಫೋನಿನ ದಾರಿಯಲ್ಲಿ ಒಂದು ರೆಸಿಸ್ಟರ್ ಇರಲೇಬೇಕು, ಗುಂಡಿ ಸೊನ್ನೆಯಲ್ಲಿರಬೇಕು.

ಆಮೇಲಿನ ಕಥೆ ಡಿಜಿಟಲ್ಲು, ಬೇಗ ಹೇಳಿ ಮುಗಿಸ್ತೀನಿ, ಅದರಲ್ಲಿ ಅಡುಗೆಮನೆ ನೆಲಮಾಳಿಗೆಗಳ ರಸ ಇಲ್ಲ. ತೊಂಬತ್ತರ ದಶಕದಲ್ಲಿ ಜಪಾನಿನ ಜೂಮ್ ಕಂಪನಿಯವರು ಅಗ್ಗದ ಪ್ಲಾಸ್ಟಿಕ್ ಪೆಡಲುಗಳನ್ನು ತಂದ್ರು. ಜೂಮ್ 505 ಅನ್ನೋದನ್ನು ನಮ್ಮಲ್ಲಿ ಕಾಲೇಜು ಬ್ಯಾಂಡುಗಳಲ್ಲಿದ್ದವರು ಮರೆತಿರಲಾರರು, ಹೊರಹೋಗೋ ತೂತಿಗೇ ಹೆಡ್‌ಫೋನು ಸಿಕ್ಕಿಸಬಹುದಿತ್ತು. 1998ರಲ್ಲಿ ಲೈನ್ 6 ಕಂಪನಿಯ 'ಪಾಡ್' ಬಂತು, ಕೆಂಪು ಹುರುಳಿಕಾಯಿ ಬೀಜದ ಆಕಾರದ್ದು, ಹತ್ತಾರು ಪ್ರಸಿದ್ಧ ಆಂಪುಗಳ ನಕಲು ಒಂದರಲ್ಲೇ. 2007ರಲ್ಲಿ ವಾಕ್ಸ್ ಕಂಪನಿಯ 'ಆಂಪ್‌ಪ್ಲಗ್' ಬಂದಾಗ ವೈರೂ ಹೋಯ್ತು, ಗಿಟಾರಿಗೇ ಚುಚ್ಚೋ ಬೆಂಕಿಪೊಟ್ಟಣ ಅದು. ಅದೇ ವರ್ಷ ಮಾರ್ಚ್ 17ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿ ಹೋದ್ರು. ಆಮೇಲೆ ಊರಿನಲ್ಲಿ ಎಷ್ಟು ರೂಮುಗಳಲ್ಲಿ ರಾತ್ರಿ ಹೊತ್ತು ಸದ್ದಿಲ್ಲದ ಗಿಟಾರು ಶುರುವಾಯ್ತೋ ದೇವರೇ ಬಲ್ಲ.

ಕಂಪ್ಯೂಟರಿನಲ್ಲಿ ನುಡಿಸೋರಿಗೆ ಬೇರೆಯೇ ಶತ್ರು, ತಡ. ತಂತಿ ಮೀಟಿದ್ದಕ್ಕೂ ಕಿವಿಗೆ ಕೇಳಿಸೋದಕ್ಕೂ ಮಧ್ಯೆ ಕಂಪ್ಯೂಟರು ಲೆಕ್ಕ ಹಾಕೋ ಹೊತ್ತು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗುತ್ತೆ. ಹತ್ತು ಮಿಲಿಸೆಕೆಂಡ್ ತಡ ಅಂದ್ರೆ ಆಂಪು ಮೂರೂವರೆ ಮೀಟರ್ ಆಚೆ ಇದ್ದ ಹಾಗೆ, ತೊಂದರೆ ಇಲ್ಲ. ಸ್ಟೈನ್‌ಬರ್ಗ್ ಕಂಪನಿಯ ಆಸಿಯೋ ಡ್ರೈವರು 1997ರಲ್ಲಿ ಬಂದ ಮೇಲೆ ಮನೆಯ ಕಂಪ್ಯೂಟರಿನಲ್ಲೂ ಇದು ಸಾಧ್ಯ ಆಯ್ತು. ಆದ್ರೆ ಮಾಮೂಲಿ ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ನುಡಿಸೋಕೆ ಹೋದ್ರೆ 150 ಮಿಲಿಸೆಕೆಂಡಿನ ಆಸುಪಾಸು, ಅಂದ್ರೆ ಆಂಪು ಐವತ್ತು ಮೀಟರ್ ದೂರದ ಬೀದಿ ಕೊನೆಯಲ್ಲಿ. ತಾಳ ಹಿಡಿಯೋಕೆ ಆಗೋದೇ ಇಲ್ಲ. 2016ರಲ್ಲಿ ಐಫೋನಿನಿಂದ ಹೆಡ್‌ಫೋನ್ ತೂತು ಮಾಯವಾದ ಮೇಲೆ ಮಿಕ್ಕ ಫೋನುಗಳೂ ಒಂದೊಂದಾಗಿ ಅದನ್ನೇ ಅನುಸರಿಸಿದವು. ಜಗತ್ತು ವೈರು ಬಿಸಾಡಿ ಮುಂದೆ ಹೋಯ್ತು ಅಂತಾರೆ, ಗಿಟಾರಿನವರು ಮಾತ್ರ ಎಕ್ಸ್‌ಚೇಂಜ್ ಹುಡುಗಿಯರ ಆ ಹಳೇ ಜಾಕನ್ನೇ ಹಿಡಿದು ಕೂತಿದ್ದೀವಿ. ಈಗಂತೂ ನ್ಯೂರಲ್ ಆಂಪ್ ಮಾಡೆಲರ್ ಅನ್ನೋ ತಂತ್ರಾಂಶ ಪುಕ್ಕಟೆ ಸಿಗುತ್ತೆ, ಯಾರದ್ದೋ ಮಾರ್ಷಲ್ಲಿನ ದನಿಯನ್ನು ಕಲಿತುಕೊಂಡು ಹಾಗೇ ಒಪ್ಪಿಸುತ್ತೆ. ಹಳೇ ಲ್ಯಾಪ್‌ಟಾಪು, ಒಂದು ಅಗ್ಗದ ಯುಎಸ್‌ಬಿ ಡಬ್ಬಿ, ವೈರಿರೋ ಹೆಡ್‌ಫೋನು ಇದ್ರೆ, ದನಿಯ ವಿಷಯದಲ್ಲಿ ಬಡವನಿಗೂ ಸಾಹುಕಾರನಿಗೂ ವ್ಯತ್ಯಾಸ ಬಹಳ ಉಳಿದಿಲ್ಲ.

ಇದು ಸಣ್ಣ ವಿಷಯ ಅಂತ ನನಗನ್ನಿಸಲ್ಲ. ರಾಕ್ ಚರಿತ್ರೆಯ ಪುಸ್ತಕಗಳಲ್ಲಿ ಗ್ಯಾರೇಜಿನ ಹೆಸರು ಎಷ್ಟು ಸಲ ಬರುತ್ತೆ ನೋಡಿ. ಗ್ಯಾರೇಜು ಇರಬೇಕಾದ್ರೆ ಕಾರಿರಬೇಕು, ಕಾರಿರಬೇಕಾದ್ರೆ ಸುತ್ತ ಜಾಗ ಇರೋ ಮನೆ ಇರಬೇಕು. ಸದ್ದು ಮಾಡೋದೂ ಒಂದು ಆಸ್ತಿ. ಪಿಜಿಯಲ್ಲಿ ಮೂರು ಜನರ ರೂಮಿನಲ್ಲಿರೋ ಹುಡುಗಿಗೆ, ಕೆಳಗಡೆ ಓನರಿನ ಎಂಬತ್ತು ವರ್ಷದ ತಾಯಿ ಮಲಗಿರೋ ಮನೆಯ ಮಹಡಿ ಮೇಲಿರೋ ನನಗೆ, ಆ ಆಸ್ತಿ ಇಲ್ಲ. ಹೆಡ್‌ಫೋನು ಇಲ್ಲದಿದ್ರೆ ಈ ವಾದ್ಯ ನಮ್ಮದಾಗ್ತಾನೇ ಇರಲಿಲ್ಲ.

ಹಾಗಂತ ಇದರಲ್ಲಿ ಕಳೆದುಕೊಳ್ಳೋದು ಏನೂ ಇಲ್ಲ ಅಂತಲೂ ಅಲ್ಲ. ರಾತ್ರಿ ಹೊತ್ತು ಒಬ್ಬರೇ ಹೆಡ್‌ಫೋನಿನಲ್ಲಿ ಕಲಿತವರು ಮೊದಲ ಸಲ ಡ್ರಮ್ಮಿನವನ ಜೊತೆ ನಿಂತಾಗ ಗಮನಿಸಿ. ಬೆರಳು ಓಡುತ್ತೆ, ಆದ್ರೆ ಯಾವಾಗ ಮೆಲ್ಲಗಾಗಬೇಕು, ಯಾವಾಗ ಸುಮ್ಮನಿರಬೇಕು ಅನ್ನೋದು ಬರಲ್ಲ. ಹೆಡ್‌ಫೋನಿನೊಳಗೆ ಯಾವಾಗಲೂ ನೀವೇ ಮಧ್ಯದಲ್ಲಿರ್ತೀರಿ. ನಾನು ಕಂಡಂತೆ ಇದಕ್ಕೆ ಉಪಾಯ ಅಂದ್ರೆ ವಾರದಲ್ಲಿ ಕೆಲವು ರಾತ್ರಿ ಏನೂ ಸಿಕ್ಕಿಸದೆ, ಗಿಟಾರಿನ ಕೊಂಬನ್ನು ಮರದ ಮೇಜಿಗೆ ಒತ್ತಿ ಹಿಡಿದು ನುಡಿಸೋದು. ಮೇಜೇ ಹೊಟ್ಟೆಯಾಗುತ್ತೆ. ಒಡಕೂ ಇಲ್ಲ, ಪ್ರತಿಧ್ವನಿಯೂ ಇಲ್ಲ, ಬೆರಳಿನ ಕಳ್ಳತನವೆಲ್ಲ ಕೇಳಿಸುತ್ತೆ. ಖರ್ಚೂ ಸೊನ್ನೆ.

ಇನ್ನು ಕಿವಿ. 100 ವ್ಯಾಟ್ ಬೇಕು ಅಂತ ಮಾರ್ಷಲ್ ಅಂಗಡಿಗೆ ಹೋದ ಪೀಟ್ ಟೌನ್‌ಶೆಂಡ್‌ಗೆ ಕಿವಿ ಕೈಕೊಟ್ಟಿದ್ದು ಎಲ್ಲರಿಗೂ ಗೊತ್ತು. ಚಾರ್ಲ್‌ಟನ್ ಮೈದಾನದ 126 ಡೆಸಿಬಲ್ ನೆನಪಿಸಿಕೊಂಡು, ಮತ್ತೇನಾಗುತ್ತೆ ಅಂತ ಜನ ಅಂದುಕೊಂಡಿದ್ರು. ಆದ್ರೆ 2006ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿ ಬೇರೆ. ತನ್ನ ಕಿವಿ ಹಾಳಾಗಿದ್ದು ವೇದಿಕೆಯ ಗದ್ದಲದಿಂದ ಅನ್ನೋದಕ್ಕಿಂತ, ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಹಾಕಿಕೊಂಡ ಹೆಡ್‌ಫೋನಿನಿಂದ ಅಂತ ಅವನೇ ಬರೆದುಕೊಂಡಿದ್ದ. 85 ಡೆಸಿಬಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ, ಅಲ್ಲಿಂದ ಪ್ರತಿ ಮೂರು ಡೆಸಿಬಲ್ ಏರಿದ ಹಾಗೆ ಅರ್ಧಕ್ಕರ್ಧ, ಇದು ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆ ಹೇಳೋ ಲೆಕ್ಕ. 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ನನ್ನ ಸೋಪಿನ ಡಬ್ಬಿಯ ಗುಂಡಿಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೀನಿ, ಫ್ಯಾನಿನ ಸದ್ದು ಹೆಡ್‌ಫೋನಿನ ಆಚೆಯಿಂದ ಇನ್ನೂ ಕೇಳಿಸೋ ಜಾಗದಲ್ಲಿ. ಅದಕ್ಕಿಂತ ಮೇಲೆ ಹೋಗಲ್ಲ.